ಸಮ ಬೇಡ, ಗೆಲುವೇ ಬೇಕು: ಬ್ರೈಟನ್ನಿನ ಆ 84 ನಿಮಿಷ

1995ರ ಜೂನ್ 4. ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೇನ್. ರಗ್ಬಿ ವಿಶ್ವಕಪ್‌ನಲ್ಲಿ ಜಪಾನ್ ಎದುರು ನ್ಯೂಜಿಲೆಂಡ್. ಆಟ ಶುರುವಾದದ್ದಷ್ಟೇ, ಆಮೇಲೆ ಸ್ಕೋರ್‌ಬೋರ್ಡಿಗೆ ಬಿಡುವೇ ಸಿಗಲಿಲ್ಲ. ಎದುರಾಳಿಯ ಗೆರೆಯಾಚೆ ಚೆಂಡು ಒತ್ತಿದರೆ ಒಂದು ಟ್ರೈ. ಎರಡು ಟ್ರೈ, ಐದು, ಹತ್ತು, ಹದಿನೈದು, ಇಪ್ಪತ್ತೊಂದು! ಮಾರ್ಕ್ ಎಲ್ಲಿಸ್ ಒಬ್ಬನೇ ಆರು ಟ್ರೈ ಹೊಡೆದ. ಮೊದಲ ಟೆಸ್ಟ್ ಆಡಲು ಬಂದಿದ್ದ ಸೈಮನ್ ಕಲ್‌ಹೇನ್ ಒಬ್ಬನೇ 45 ಅಂಕ ಬಾಚಿದ. ಕೊನೆಯ ಸೀಟಿ ಊದಿದಾಗ ನ್ಯೂಜಿಲೆಂಡ್ 145, ಜಪಾನ್ 17. ಅದೂ ನ್ಯೂಜಿಲೆಂಡಿನ ಘಟಾನುಘಟಿಗಳಲ್ಲಿ ಅನೇಕರು ಅಂದು ಆಡದೆ ವಿಶ್ರಾಂತಿ ಪಡೆಯುತ್ತಿದ್ದಾಗ.

ಆ ಗಾಯ ಇಪ್ಪತ್ತು ವರ್ಷ ಮಾಯಲಿಲ್ಲ. 1987ರಿಂದ 2011ರವರೆಗೆ ಏಳು ವಿಶ್ವಕಪ್‌ಗಳಲ್ಲಿ ಜಪಾನ್ ಆಡಿದ್ದು 24 ಪಂದ್ಯ. ಗೆದ್ದದ್ದು ಒಂದೇ ಒಂದು, 1991ರಲ್ಲಿ ಜಿಂಬಾಬ್ವೆ ಮೇಲೆ. ಕೆನಡಾ ಜೊತೆ ಎರಡು ಸಲ ಸಮ. ಉಳಿದ 21ರಲ್ಲೂ ಸೋಲು. ಇಷ್ಟು ಸೋತವರಿಗೆ ಅಂಟಿಕೊಳ್ಳುವ ದೊಡ್ಡ ರೋಗ ಸೋಲಿನ ಭಯವಲ್ಲ, ಸೋಲಿನ ಜೊತೆಗಿನ ರಾಜಿ. ಚೆನ್ನಾಗಿ ಹೋರಾಡಿದೆವು, ಮರ್ಯಾದೆಯಿಂದ ಸೋತೆವು, ಇಷ್ಟು ಸಾಕು ಎನ್ನುವ ರಾಜಿ. ಜಪಾನಿನ ರಗ್ಬಿಯನ್ನು ಒಳಗಿಂದ ತಿನ್ನುತ್ತಿದ್ದದ್ದು ಅದೇ. 2015ರ ಸೆಪ್ಟೆಂಬರ್ 19ರಂದು ಇಂಗ್ಲೆಂಡಿನ ಕಡಲತೀರದ ಊರು ಬ್ರೈಟನ್‌ನಲ್ಲಿ ಹದಿನೈದು ಮಂದಿ ಆ ರೋಗವನ್ನು ಕಿತ್ತೆಸೆದರು. ರಗ್ಬಿ ವಿಶ್ವಕಪ್‌ನ ಇತಿಹಾಸದಲ್ಲಿ ಅದಕ್ಕಿಂತ ರೋಮಾಂಚಕ ಪಂದ್ಯ ಇನ್ನೊಂದಿಲ್ಲ ಎಂದು ಎದೆ ತಟ್ಟಿ ಹೇಳುವವರಲ್ಲಿ ನಾನೂ ಒಬ್ಬ.

ನಗು ಕಂಡು ಕೆಂಡವಾದ ಕೋಚ್

2012ರಲ್ಲಿ ಎಡ್ಡಿ ಜೋನ್ಸ್ ಜಪಾನ್ ತಂಡದ ಹೊಣೆ ಹೊತ್ತರು. ಆಸ್ಟ್ರೇಲಿಯಾದವರು, ತಾಯಿಯ ಕಡೆಯಿಂದ ಜಪಾನಿ ರಕ್ತ. 2003ರಲ್ಲಿ ಆಸ್ಟ್ರೇಲಿಯಾವನ್ನು ವಿಶ್ವಕಪ್ ಫೈನಲ್‌ವರೆಗೆ ಕರೆದೊಯ್ದು ಸೋತವರು. 2007ರಲ್ಲಿ ಕಪ್ ಗೆದ್ದ ದಕ್ಷಿಣ ಆಫ್ರಿಕಾ ತಂಡಕ್ಕೆ ಸಲಹೆಗಾರರಾಗಿದ್ದವರು. 2012ರಲ್ಲೇ ಜಪಾನ್ ಫ್ರೆಂಚ್ ಬಾರ್ಬೇರಿಯನ್ಸ್ ವಿರುದ್ಧ ಸೋತ ಮೇಲೆ ಪತ್ರಿಕಾಗೋಷ್ಠಿ ನಡೆಯಿತು. ಪಕ್ಕದಲ್ಲಿ ಕೂತಿದ್ದ ನಾಯಕ ತೊಶಿಯಾಕಿ ಹಿರೋಸೆ ಮುಜುಗರದಲ್ಲಿ ನಕ್ಕುಬಿಟ್ಟ. ಜೋನ್ಸ್ ಕ್ಯಾಮೆರಾಗಳ ಮುಂದೆಯೇ ಸಿಡಿದರು. ಇದು ನಗುವ ವಿಷಯವಲ್ಲ, ಜಪಾನ್ ರಗ್ಬಿಯ ಸಮಸ್ಯೆ ಇರುವುದೇ ಇಲ್ಲಿ ಎಂದು ಗುಡುಗಿದರು. ಹಿರೋಸೆ ಆ ಮಾತನ್ನು ನುಂಗಿಕೊಂಡ. ಮುಂದೆ ನಾಯಕತ್ವ ಕೈತಪ್ಪಿತು, 2015ರ ವಿಶ್ವಕಪ್ ತಂಡದಲ್ಲಿದ್ದರೂ ಒಂದು ನಿಮಿಷವೂ ಆಡಲು ಸಿಗಲಿಲ್ಲ. ಆದರೂ ತಂಡ ಬಿಟ್ಟು ಕದಲಲಿಲ್ಲ.

ಆಮೇಲೆ ಶುರುವಾಯಿತು ಮಿಯಾಝಾಕಿಯ ಶಿಬಿರಗಳ ಅಗ್ನಿಪರೀಕ್ಷೆ. ಬೆಳಗಿನ ಐದಕ್ಕೇ ಎದ್ದು ಅಭ್ಯಾಸ. ಬೆಳಕು ಹರಿಯುವ ಮೊದಲೇ ಒಂದು ಸುತ್ತು, ಆಮೇಲೆ ಇನ್ನೊಂದು, ಮತ್ತೊಂದು. ಮೈದಾನದ ಮೇಲೆ ಡ್ರೋನ್ ಹಾರಿಸಿ ಯಾರು ಎಲ್ಲಿ ನಿಂತಿದ್ದಾರೆ, ಬಿದ್ದವನು ಎಷ್ಟು ಬೇಗ ಎದ್ದ ಎಂದು ಚಿತ್ರೀಕರಣ. ಜೋನ್ಸ್ ಲೆಕ್ಕ ಸರಳವಾಗಿತ್ತು: ಎತ್ತರದಲ್ಲಿ ಗೆಲ್ಲಲಾಗದು, ತೂಕದಲ್ಲಿ ಗೆಲ್ಲಲಾಗದು. ಹಾಗಾದರೆ ಎದುರಾಳಿಗಿಂತ ಬೇಗ ಏಳಬೇಕು, ಎದುರಾಳಿಗಿಂತ ಕೆಳಗೆ ಇರಬೇಕು, ಎದುರಾಳಿ ಏದುಸಿರು ಬಿಡುವಾಗ ಇನ್ನೂ ಓಡುತ್ತಿರಬೇಕು.

ಕೆಳಗೆ ಇರುವುದು ಎಂದರೇನು? ಕಬಡ್ಡಿ ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರೈಡರ್ ಎಷ್ಟೇ ಬಲಶಾಲಿಯಾಗಿರಲಿ, ಮೂಲೆಯಲ್ಲಿ ಕಾದು ಕುಳಿತವನು ನುಗ್ಗಿ ಪಾದದ ಗಿಣ್ಣು ಹಿಡಿದನೆಂದರೆ ಮುಗಿಯಿತು. ಜಪಾನಿಗರು ಕಲಿತದ್ದೂ ಅದೇ. ಮಿಶ್ರ ಸಮರ ಕಲೆಯ ಹೋರಾಟಗಾರ ತ್ಸುಯೋಶಿ ಕೊಸಾಕಾ ಬಂದು ಅವರಿಗೆ ಎದುರಾಳಿಯ ಕಾಲಿಗೆ ಹೇಗೆ ಬೀಳಬೇಕೆಂದು ಕಲಿಸಿದರು. ಫ್ರಾನ್ಸಿನ ಮಾರ್ಕ್ ದಾಲ್ ಮಾಸೊ ಸ್ಕ್ರಮ್ ಕಲಿಸಿದರು: ಎಂಟೂ ಜನ ಒಂದೇ ದೇಹವಾಗಿ, ನೆಲಕ್ಕೆ ಸಮೀಪವಾಗಿ, ಉಸಿರು ಕೂಡ ಒಟ್ಟಿಗೆ ಬಿಡುವಂತೆ. ಇಂಗ್ಲೆಂಡಿನ ಮಾಜಿ ನಾಯಕ ಸ್ಟೀವ್ ಬೋರ್ತ್‌ವಿಕ್, ಅಂಚಿನಿಂದ ಎಸೆದ ಚೆಂಡಿಗಾಗಿ ಎರಡು ಸಾಲು ಹಾರುವ ಲೈನ್‌ಔಟ್ ತಿದ್ದಿದರು. ಶಿಬಿರದಲ್ಲಿ ಒಂದೇ ಗುರಿ: ದಕ್ಷಿಣ ಆಫ್ರಿಕಾದ ಸ್ಪ್ರಿಂಗ್‌ಬಾಕ್ಸ್ ತಂಡವನ್ನು ಬಗ್ಗುಬಡಿಯುವುದು. ಹೊರಗಿನವರು ಕೇಳಿದ್ದರೆ ನಕ್ಕುಬಿಡುತ್ತಿದ್ದರು.

ಬೆಟ್ಟದೆದುರು ಹದಿನೈದು ಮಂದಿ

ಎದುರಿಗಿದ್ದವರು ಯಾರು? 1995 ಮತ್ತು 2007ರ ವಿಶ್ವ ಚಾಂಪಿಯನ್ನರು. ಶ್ರೇಯಾಂಕದಲ್ಲಿ ಮೂರನೆಯವರು, ಜಪಾನ್ ಹದಿಮೂರನೆಯದು. ಆರಡಿ ಏಳು ಇಂಚಿನ ವಿಕ್ಟರ್ ಮ್ಯಾಟ್‌ಫೀಲ್ಡ್. ಅವನಿಗಿಂತಲೂ ಎತ್ತರದ ಲೂಡ್ ಡಿ ಯಾಗರ್. ‘ಬೀಸ್ಟ್’ ಎಂದೇ ಹೆಸರಾದ ಟೆಂಡಾಯ್ ಮ್ತವಾರಿರಾ. ಮುಂದಿನ ಸಾಲಿನಲ್ಲಿ ಅಣ್ಣ ತಮ್ಮ ಇಬ್ಬರು ಡು ಪ್ಲೆಸಿಗಳು. ಅಂಚಿನಲ್ಲಿ ಮಿಂಚಿನಂತೆ ಓಡುವ ಬ್ರಯಾನ್ ಹಬಾನಾ. ಎಲ್ಲರೂ ಹತ್ತಾರು ಯುದ್ಧ ಕಂಡ ಹುಲಿಗಳು.

ಜಪಾನಿನ ಕಡೆ ಸ್ಕ್ರಮ್‌ಹಾಫ್ ಫುಮಿಯಾಕಿ ತನಾಕಾ. ಎತ್ತರ ಐದಡಿ ಐದು ಇಂಚು. ಲಾಕ್ ಜಾಗದಲ್ಲಿ 37 ವರ್ಷದ ಹಿತೋಶಿ ಓನೊ, ಫುಕುಶಿಮಾದ ರೈತರ ಮನೆಯ ಮಗ. ಕಾಲೇಜು ಸೇರಿದ ಮೇಲಷ್ಟೇ ರಗ್ಬಿ ಚೆಂಡು ಮುಟ್ಟಿದವನು. ವಿಂಗ್ ಜಾಗದಲ್ಲಿ ಕೊತಾರೊ ಮತ್ಸುಶಿಮಾ, ಹುಟ್ಟಿದ್ದು ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲೇ. ನಾಯಕ ಮೈಕಲ್ ಲೀಚ್: ನ್ಯೂಜಿಲೆಂಡಿನಲ್ಲಿ ಹುಟ್ಟಿ, ಫಿಜಿಯ ತಾಯಿಯ ಮಗನಾಗಿ, ಹದಿನೈದನೇ ವಯಸ್ಸಿಗೆ ಒಬ್ಬನೇ ಸಪ್ಪೊರೊದ ಶಾಲೆಗೆ ಬಂದು ಸೇರಿ, ಜಪಾನನ್ನೇ ತನ್ನ ದೇಶ ಮಾಡಿಕೊಂಡವನು.

ನಮ್ಮಲ್ಲಿ ಆಗ ರಾತ್ರಿ ಒಂಬತ್ತೂಕಾಲು. ಬ್ರೈಟನ್ನಿನಲ್ಲಿ ಸಂಜೆ ಬಿಸಿಲು. ಗ್ಯಾಲರಿಯಲ್ಲಿ ಸುಮಾರು 29 ಸಾವಿರ ಜನ. ಬಹುತೇಕರು ಬಂದದ್ದು ಚಾಂಪಿಯನ್ನರ ಆಟ ನೋಡಲು. ಫ್ರಾನ್ಸಿನ ರೆಫರಿ ಜೆರೋಮ್ ಗಾರ್ಸೆಸ್ ಸೀಟಿ ಊದಿದರು.

ಬಿದ್ದರೂ ಏಳುವವರು

ಮೊದಲ ಕ್ಷಣದಿಂದಲೇ ಏನೋ ಬೇರೆ ಎಂದು ಗೊತ್ತಾಯಿತು. ಹಸಿರು ಜೆರ್ಸಿಯ ದೈತ್ಯ ಚೆಂಡು ಹಿಡಿದು ನುಗ್ಗುತ್ತಾನೆ. ಕೆಂಪು ಬಿಳಿ ಪಟ್ಟೆಯವನೊಬ್ಬ ಅವನ ಮಂಡಿಯ ಕೆಳಗೆ ಹಾರಿ ಬೀಳುತ್ತಾನೆ. ದೈತ್ಯ ದೊಪ್ಪನೆ ನೆಲಕ್ಕೆ. ಇನ್ನೊಬ್ಬ ನುಗ್ಗುತ್ತಾನೆ, ಮತ್ತೆ ಕಾಲಿಗೆ ಹೊಡೆತ, ಮತ್ತೆ ನೆಲ. ಬಿದ್ದ ಜಪಾನಿಗ ಅರೆಕ್ಷಣದಲ್ಲಿ ಎದ್ದು ಸಾಲಿನಲ್ಲಿ ನಿಂತಿರುತ್ತಾನೆ. ಏಳನೇ ನಿಮಿಷಕ್ಕೆ ಜಪಾನಿಗೆ ಪೆನಾಲ್ಟಿ. ಒದೆಯಲು ಬಂದವನು ಫುಲ್‌ಬ್ಯಾಕ್ ಅಯುಮು ಗೊರೊಮಾರು.

ಇವನನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಚೆಂಡನ್ನು ನೆಲದ ಮೇಲೆ ನಿಲ್ಲಿಸುತ್ತಾನೆ. ಮೂರು ಹೆಜ್ಜೆ ಹಿಂದಕ್ಕೆ. ಎರಡು ಹೆಜ್ಜೆ ಎಡಕ್ಕೆ. ಸೊಂಟ ಸ್ವಲ್ಪ ಬಾಗಿಸಿ, ಎರಡೂ ಕೈ ಎದೆಯ ಮುಂದೆ ಜೋಡಿಸಿ, ತೋರುಬೆರಳುಗಳನ್ನು ಒಂದಕ್ಕೊಂದು ಒತ್ತಿ ನಿಲ್ಲುತ್ತಾನೆ. ಕಣ್ಣು ಕಂಬಗಳ ಕಡೆ, ಮತ್ತೆ ಚೆಂಡಿನ ಕಡೆ. ಇದು ಪ್ರಾರ್ಥನೆಯಲ್ಲ. ತಂಡದ ಮನೋಬಲ ತರಬೇತುದಾರರಾದ ಕಾವೊರಿ ಅರಾಕಿ ಅವರೊಡನೆ ಕೂತು ರೂಪಿಸಿಕೊಂಡ ಕ್ರಮ. ಗದ್ದಲ, ಭಯ, ಅಂಕಪಟ್ಟಿ ಎಲ್ಲವನ್ನೂ ಹೊರಗಿಟ್ಟು ಚೆಂಡು ಮತ್ತು ಕಾಲು ಎರಡನ್ನೇ ಉಳಿಸಿಕೊಳ್ಳುವ ಉಪಾಯ. ಆಮೇಲೆ ಓಟ, ಒದೆತ. ಚೆಂಡು ಕಂಬಗಳ ನಡುವೆ. 3-0!

ಬೆಟ್ಟ ಸುಮ್ಮನಿರುತ್ತದೆಯೇ? 18ನೇ ನಿಮಿಷ, ಲೈನ್‌ಔಟ್. ಚೆಂಡು ಹಿಡಿದವನ ಸುತ್ತ ಹಸಿರು ಗೋಡೆ ಕಟ್ಟಿಕೊಂಡಿತು. ಎಲ್ಲರೂ ಕೂಡಿ ತಳ್ಳಿಕೊಂಡು ಹೋಗುವ ಈ ‘ಮಾಲ್’ ದಕ್ಷಿಣ ಆಫ್ರಿಕಾದ ಹಳೆಯ ಬ್ರಹ್ಮಾಸ್ತ್ರ. ಗೋಡೆ ಉರುಳಿತು, ಫ್ರಾನ್ಸ್ವಾ ಲೌ ಗೆರೆಯಾಚೆ ಚೆಂಡು ಒತ್ತಿದ. ಟ್ರೈ ನಂತರದ ಒದೆತವಾದ ಕನ್ವರ್ಷನ್ ಸೇರಿ 3-7. ಎಲ್ಲರೂ ಅಂದುಕೊಂಡದ್ದು ಒಂದೇ: ಇನ್ನು ಜಪಾನಿನ ಕಥೆ ಮುಗಿಯಿತು.

ಆದರೆ 30ನೇ ನಿಮಿಷದ ಸುಮಾರಿಗೆ ಕಣ್ಣನ್ನೇ ನಂಬಲಾಗದ ದೃಶ್ಯ. ಅದೇ ಬ್ರಹ್ಮಾಸ್ತ್ರವನ್ನು ಜಪಾನ್ ತಿರುಗಿಸಿ ಹೂಡಿತು! ಮೂಲೆಯಲ್ಲಿ ಲೈನ್‌ಔಟ್, ಕೆಂಪು ಬಿಳಿ ಗೋಡೆ ಕೂಡಿಕೊಂಡಿತು, ತಳ್ಳತೊಡಗಿತು. ವಿಶ್ವದ ಅತಿ ಭಾರದ ಪಡೆಯೊಂದು ಹಿಂದಕ್ಕೆ ಜಾರುತ್ತಿದೆ. ಒಂದು ಮೀಟರ್, ಎರಡು, ಮೂರು. ರಾಶಿಯ ಒಳಗಿಂದ ಲೀಚ್ ಗೆರೆ ದಾಟಿ ಬಿದ್ದ. ಟ್ರೈ! ಗೊರೊಮಾರು ಒದ್ದ. 10-7. ಚಾಂಪಿಯನ್ನರು ಮತ್ತೊಂದು ಮಾಲ್ ಕಟ್ಟಿ ಬಿಸ್ಮಾರ್ಕ್ ಡು ಪ್ಲೆಸಿಯಿಂದ ಉತ್ತರ ಕೊಟ್ಟರು. ವಿರಾಮಕ್ಕೆ 10-12. ಹಿಂದಿದ್ದಾರೆ, ಆದರೆ ಎರಡೇ ಅಂಕ. ಅಷ್ಟರಲ್ಲಿ ಗ್ಯಾಲರಿಯ ಮನಸ್ಸು ಪಕ್ಷ ಬದಲಿಸಿತ್ತು.

ಹಗ್ಗದ ಮೇಲಿನ ನಲವತ್ತು ನಿಮಿಷ

ದ್ವಿತೀಯಾರ್ಧವನ್ನು ಕುಳಿತು ನೋಡಲಾಗದು. ಗೊರೊಮಾರು ಪೆನಾಲ್ಟಿ, 13-12. ಖುಷಿಪಡುವಷ್ಟರಲ್ಲಿ ಡಿ ಯಾಗರ್ ಅಷ್ಟುದ್ದದ ದೇಹವನ್ನು ಸಂದಿಯಲ್ಲಿ ತೂರಿಸಿ ಓಡಿಬಿಟ್ಟ, 13-19. ಇಲ್ಲಿಗೆ ಎದೆ ಒಡೆಯಬೇಕಿತ್ತು. ಒಡೆಯಲಿಲ್ಲ. ಮೂರು ಹೆಜ್ಜೆ ಹಿಂದಕ್ಕೆ, ಎರಡು ಎಡಕ್ಕೆ, 16-19. ಮತ್ತೆ ಮೂರು, ಮತ್ತೆ ಎರಡು, 19-19. ಪ್ಯಾಟ್ ಲ್ಯಾಂಬಿ ಒದ್ದು 19-22. ಗೊರೊಮಾರು ಒದ್ದು 22-22. ಒಬ್ಬರು ಮೆಟ್ಟಿಲು ಏರಿದರೆ ಇನ್ನೊಬ್ಬರು ಹಿಂದೆಯೇ ಹಾಜರ್.

ಒಂದು ಗಂಟೆಯ ಆಟ ಮುಗಿದಿದೆ. ಸಣ್ಣ ತಂಡಗಳು ಕುಸಿಯುವ ಹೊತ್ತು ಇದೇ. ಅಷ್ಟರವರೆಗೆ ಗುಂಡಿಗೆಯ ಬಲದಲ್ಲಿ ಹಿಡಿದಿಟ್ಟದ್ದು ಕಾಲಿನ ಬಲ ಸೋತಾಗ ಕೈಜಾರುತ್ತದೆ, ಕೊನೆಯ ಇಪ್ಪತ್ತು ನಿಮಿಷದಲ್ಲಿ ಮೂರೋ ನಾಲ್ಕೋ ಟ್ರೈ ಬಿದ್ದು ಅಂಕಪಟ್ಟಿ ಹಳೆಯ ಕಥೆಗೇ ಮರಳುತ್ತದೆ. 62ನೇ ನಿಮಿಷಕ್ಕೆ ಏಡ್ರಿಯಾನ್ ಸ್ಟ್ರಾಸ್ ಜಪಾನಿನ ಸಾಲನ್ನು ಸೀಳಿಕೊಂಡು ಹೋಗಿ ಟ್ರೈ ಹೊಡೆದಾಗ ನನ್ನ ಜೀವವೇ ಬಾಯಿಗೆ ಬಂತು. 22-29. ಆಯಿತು, ಅಣೆಕಟ್ಟು ಒಡೆಯಿತು ಎಂದುಕೊಂಡೆ.

ಆದರೆ ಮಿಯಾಝಾಕಿಯ ಬೆಳಗುಗಳು ಲೆಕ್ಕ ಚುಕ್ತಾ ಮಾಡಿಸಿಕೊಳ್ಳಲು ಕಾದಿದ್ದವು. ಸೊಂಟಕ್ಕೆ ಕೈ ಕೊಟ್ಟು ನಿಂತು ಏದುಸಿರು ಬಿಡುತ್ತಿದ್ದವರು ಹಸಿರು ಜೆರ್ಸಿಯವರು. ಜಪಾನಿಗರು ಓಡುತ್ತಿದ್ದರು!

69ನೇ ನಿಮಿಷ. ಲೈನ್‌ಔಟ್‌ನಿಂದ ಚೆಂಡು ಬಂತು. ಜಪಾನಿನ ತತೆಕಾವಾ ಕೈಗೆ, ಅಲ್ಲಿಂದ ತಂಡದ ಇನ್ನೊಬ್ಬ ಓನೊ, ಕೊಸೆಯ್ ಓನೊ ಕೈಗೆ. ಎಲ್ಲರ ಕಣ್ಣು ಹೊರಗಡೆ ಓಡುವವರ ಮೇಲೆ. ಕೊಸೆಯ್ ಚೆಂಡನ್ನು ಒಳಕ್ಕೆ ಜಾರಿಸಿದ. ಅಲ್ಲಿಗೆ ಬಾಣದಂತೆ ಬಂದವನು ಪ್ರಿಟೋರಿಯಾದಲ್ಲಿ ಹುಟ್ಟಿದ ಮತ್ಸುಶಿಮಾ. ಬಾಗಿಲು ತೆರೆದುಕೊಂಡಿತು. ಮತ್ಸುಶಿಮಾ ಓಡಿದ, ಬಲಕ್ಕೆ ಪಾಸ್ ಕೊಟ್ಟ, ಬಲಮೂಲೆಯಲ್ಲಿ ಗೊರೊಮಾರು ಹಾರಿ ಬಿದ್ದ. ಯಾರ ಕೈಗೂ ಸಿಗದ, ಗಡಿಯಾರದ ಮುಳ್ಳಿನಷ್ಟು ಕರಾರುವಾಕ್ಕಾದ ಆಟ. ಮೈದಾನ ಸ್ಫೋಟಿಸಿತು. ಅಂಚಿನ ಗೆರೆಯ ಬಳಿಯಿಂದ ಕನ್ವರ್ಷನ್. ಅದೇ ಮೂರು, ಅದೇ ಎರಡು, ಅದೇ ಜೋಡಿಸಿದ ಬೆರಳು. ಚೆಂಡು ಕಂಬಗಳ ನಡುವೆ. 29-29!

ನಾಲ್ಕು ನಿಮಿಷ ಕಳೆಯಿತು. ಈಗ ದಕ್ಷಿಣ ಆಫ್ರಿಕಾಕ್ಕೆ ಪೆನಾಲ್ಟಿ. ಜಪಾನಿನ ಗೆರೆ ಹತ್ತಿರದಲ್ಲೇ ಇತ್ತು. ಮೂಲೆಗೆ ಒದ್ದು ಮಾಲ್ ಕಟ್ಟಿ ಟ್ರೈಗೆ ಹೋಗಬಹುದಿತ್ತು. ಆ ಬ್ರಹ್ಮಾಸ್ತ್ರದಿಂದಲೇ ಅವರು ಎರಡು ಟ್ರೈ ಗಳಿಸಿದ್ದರು. ಆದರೂ ಅವರು ಕಂಬದ ಕಡೆ ಬೆರಳು ತೋರಿಸಿದರು. ಹಾಂಡ್ರೆ ಪೊಲಾರ್ಡ್ ಒದ್ದ, 29-32. ಮೂರು ಅಂಕದ ಮುನ್ನಡೆ, ಏಳು ನಿಮಿಷದ ಆಟ ಬಾಕಿ. ಲೆಕ್ಕಾಚಾರ ತಪ್ಪೇನಲ್ಲ. ಆದರೆ ಎರಡು ಸಲ ವಿಶ್ವಕಪ್ ಗೆದ್ದವರು 13ನೇ ಶ್ರೇಯಾಂಕದ ತಂಡದೆದುರು ಮೂರು ಅಂಕ ಸಾಕು ಎಂದದ್ದನ್ನು ಮೈದಾನದಲ್ಲಿದ್ದ ಪ್ರತಿಯೊಬ್ಬ ಜಪಾನಿಗನೂ ಕಣ್ಣಾರೆ ಕಂಡ.

ಸ್ಕ್ರಮ್!

ಕೊನೆಯ ನಿಮಿಷಗಳು. ಜಪಾನ್ ಬಿಡದೆ ಬಡಿಯುತ್ತಿದೆ. ಎಡ, ಬಲ, ಮತ್ತೆ ಎಡ. ಹಸಿರು ಗೋಡೆ ತನ್ನದೇ ಗೆರೆಯ ಮೇಲೆ ಬೆನ್ನು ಕೊಟ್ಟು ನಿಂತಿದೆ. ಒತ್ತಡ ತಾಳಲಾರದೆ ತಪ್ಪೆಸಗಿದ ಪ್ರಾಪ್ ಕೂನಿ ಓಸ್ಟುಯಿಜನ್‌ಗೆ ಹಳದಿ ಕಾರ್ಡ್. ಚಾಂಪಿಯನ್ನರು ಹದಿನಾಲ್ಕು ಮಂದಿ. ಎಂಬತ್ತು ನಿಮಿಷ ಮುಗಿಯುತ್ತ ಬಂತು. ರಗ್ಬಿಯಲ್ಲಿ ಎಂಬತ್ತು ನಿಮಿಷವಾದ ತಕ್ಷಣ ಆಟ ನಿಲ್ಲುವುದಿಲ್ಲ. ಚೆಂಡು ಜೀವಂತ ಇರುವವರೆಗೆ ಆಟವೂ ಜೀವಂತ. ಆದರೆ ಚೆಂಡು ಒಮ್ಮೆ ಕೈಜಾರಿದರೆ, ಒಮ್ಮೆ ಅಂಚಿನ ಗೆರೆಯಾಚೆ ಹೋದರೆ ಅಲ್ಲಿಗೆ ಎಲ್ಲವೂ ಮುಗಿದಂತೆ.

ಆಗ ಮತ್ತೆ ಪೆನಾಲ್ಟಿ, ಜಪಾನಿಗೆ. ಗೆರೆಯ ಹತ್ತಿರದಲ್ಲೇ.

ಒಂದು ಕ್ಷಣ ನಿಂತು ಯೋಚಿಸಿ. ಅಂಕ 29-32. ಗೊರೊಮಾರು ಒದ್ದರೆ ಮೂರು ಅಂಕ, 32-32. ಅವನ ಕಾಲು ಆ ಸಂಜೆ ಚಿನ್ನದ ಕಾಲು. 145 ಅಂಕ ತಿಂದು ಬಂದ ದೇಶಕ್ಕೆ ದಕ್ಷಿಣ ಆಫ್ರಿಕಾದೊಡನೆ ಸಮ ಮಾಡಿಕೊಳ್ಳುವುದೇ ಚರಿತ್ರೆ. ಮರುದಿನ ಪತ್ರಿಕೆಗಳು ಹಾಡಿ ಹೊಗಳುತ್ತಿದ್ದವು. ಯಾರೂ ಒಂದು ಮಾತೂ ಆಡುತ್ತಿರಲಿಲ್ಲ. ಮೇಲೆ ಕೋಚ್‌ಗಳ ಕೋಣೆಯಲ್ಲಿ ಜೋನ್ಸ್ ಕೂಡ ಅದನ್ನೇ ಕೂಗುತ್ತಿದ್ದರು: ಮೂರು ತೆಗೆದುಕೊಳ್ಳಿ!

ಲೀಚ್ ರೆಫರಿಯ ಕಡೆ ತಿರುಗಿದ. ಅವನು ಆರಿಸಿದ್ದು ಸ್ಕ್ರಮ್.

ಮೂರು ಅಂಕ ಬೇಡ, ಸಮ ಬೇಡ, ಮರ್ಯಾದೆಯ ಫಲಿತಾಂಶ ಬೇಡ. ಎಂಟು ಜನ ತಲೆ ತಗ್ಗಿಸಿ ಎದುರಾಳಿಯ ತಲೆಗೆ ತಲೆ ಕೊಟ್ಟು ತಳ್ಳುತ್ತೇವೆ. ಒಂದೋ ಗೆಲ್ಲುತ್ತೇವೆ, ಇಲ್ಲವೇ ಬರಿಗೈಯಲ್ಲಿ ಹೋಗುತ್ತೇವೆ. ಸಿಟ್ಟು ತಡೆಯಲಾರದೆ ಕೈಯಲ್ಲಿದ್ದ ವಾಕಿಟಾಕಿಯನ್ನೇ ಒಡೆದೆ ಎಂದು ಜೋನ್ಸ್ ಮುಂದೆ ತಾವೇ ಹೇಳಿಕೊಂಡಿದ್ದಾರೆ. ಗ್ಯಾಲರಿಯಲ್ಲಿ ಒಂದು ಗಳಿಗೆ ಏನಾಗುತ್ತಿದೆ ಎಂದೇ ತಿಳಿಯಲಿಲ್ಲ. ಆಮೇಲೆ ಗರ್ಜನೆ ಎದ್ದಿತು: ಜಪಾನ್! ಜಪಾನ್! ಜಪಾನ್!

ಎಂಟು ಜನ ಬಾಗಿದರು. ತೋಳು ತೋಳಿಗೆ ಬೆಸೆದುಕೊಂಡಿತು. ಬೆನ್ನುಗಳು ನೆಲಕ್ಕೆ ಸಮವಾಗಿ ಚಪ್ಪಟೆಯಾದವು. ಕೊರಳು ಕೊರಳಿಗೆ ಹೊಕ್ಕಿತು. ಬದಲಿಯಾಗಿ ಬಂದಿದ್ದ ಸ್ಕ್ರಮ್‌ಹಾಫ್ ಅತ್ಸುಶಿ ಹಿವಾಸಾ ಚೆಂಡು ಹಿಡಿದು ಬಾಗಿ ನಿಂತ. ಗಡಿಯಾರ ಎಂಬತ್ತು ದಾಟಿತ್ತು. ಚೆಂಡು ಒಳಗೆ ಉರುಳಿತು.

ಹೊರಗೆ ಬಂತು! ಹಿವಾಸಾ ಎತ್ತಿದ, ಬಲಕ್ಕೆ ಕೊಟ್ಟ. ಲೀಚ್ ಚೆಂಡು ಹಿಡಿದು ನುಗ್ಗಿದ, ಬಿದ್ದ, ಗೆರೆಗೆ ಕೆಲವೇ ಹೆಜ್ಜೆ. ಹಿವಾಸಾ ಓಡಿ ಬಂದು ಮತ್ತೆ ಎತ್ತಿದ. ಇನ್ನೊಬ್ಬ ನುಗ್ಗಿದ, ಇನ್ನೊಬ್ಬ. ಪ್ರತಿಯೊಂದು ಬೀಳುವಿಕೆಯಲ್ಲೂ ಹಸಿರು ಕೈಗಳು ಚೆಂಡಿಗಾಗಿ ಹಾತೊರೆಯುತ್ತಿವೆ, ಪ್ರತಿ ಸಲವೂ ಕೆಂಪು ಬಿಳಿ ದೇಹಗಳು ಅದರ ಮೇಲೆ ಬಿದ್ದು ಕಾಯುತ್ತಿವೆ. ಒಂದು ತಪ್ಪು ಪಾಸ್, ಬೆವರಿಗೆ ಜಾರಿದ ಒಂದು ಬೆರಳು, ಅಷ್ಟೇ ಸಾಕಿತ್ತು. 82ನೇ ನಿಮಿಷ. 83. ಬಲಗಡೆ ಹಸಿರು ಗೋಡೆ ದಪ್ಪವಾಗುತ್ತಿದೆ. ಎಲ್ಲರೂ ಅಲ್ಲಿಗೇ ಸೇರುತ್ತಿದ್ದಾರೆ. ಹಾಗಾದರೆ ಎಡಗಡೆ?

ಚೆಂಡು ಎಡಕ್ಕೆ ತಿರುಗಿತು. ತತೆಕಾವಾ ಕೈಯಿಂದ ಉದ್ದನೆಯ ಪಾಸ್, ತಲೆಗಳನ್ನು ದಾಟಿ, ಗಾಳಿಯಲ್ಲಿ ತಿರುಗುತ್ತ ಬದಲಿ ಆಟಗಾರ ಅಮನಾಕಿ ಮಾಫಿಯ ಕೈಗೆ. ಎದುರಿಗೆ ಜೆಸ್ಸಿ ಕ್ರೀಲ್. ಮಾಫಿ ಒಂದು ಕೈಯಲ್ಲಿ ಅವನನ್ನು ತಳ್ಳಿ ಸರಿಸಿದ, ಎಡಕ್ಕೆ ಕೊಟ್ಟ. ಅಲ್ಲಿ ಕಾರ್ನ್ ಹೆಸ್ಕೆತ್! ಮೈದಾನಕ್ಕೆ ಇಳಿದು ಕೆಲವೇ ನಿಮಿಷವಾಗಿತ್ತು. ಮೂಲೆಯ ಬಾವುಟ ಹತ್ತಿರ, ಅಂಚಿನ ಗೆರೆ ಇನ್ನೂ ಹತ್ತಿರ, ಪಕ್ಕದಿಂದ ಜೆ.ಪಿ. ಪೀಟರ್ಸನ್ ಹಾರಿ ಬರುತ್ತಿದ್ದಾನೆ. ಹೆಸ್ಕೆತ್ ಮೈ ಚಾಚಿ ಧುಮುಕಿದ.

ಟ್ರೈ!

34-32. ಗೊರೊಮಾರುವಿನ ಕೊನೆಯ ಕನ್ವರ್ಷನ್ ಕಂಬದ ಆಚೆ ಹೋಯಿತು, ಯಾರೂ ಗಮನಿಸಲಿಲ್ಲ. ಅವನೊಬ್ಬನೇ ಆ ಸಂಜೆ ಗಳಿಸಿದ್ದು 24 ಅಂಕ. ನಲವತ್ತು ದಾಟಿದ ಗಂಡಸರು ಗ್ಯಾಲರಿಯಲ್ಲಿ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಸ್ಪ್ರಿಂಗ್‌ಬಾಕ್ಸ್ ನಾಯಕ ಜ್ಯಾನ್ ಡಿ ವಿಲಿಯರ್ಸ್‌ನ ಮುಖದಲ್ಲಿ ರಕ್ತವೇ ಇರಲಿಲ್ಲ.

ಅದು ಜೂಜಾಗಿತ್ತೇ?

ಪಂದ್ಯದ ಬಗ್ಗೆ ಮಾತು ಬಂದಾಗಲೆಲ್ಲ ಕೆಲವರು ಹೇಳುತ್ತಾರೆ: ಲೀಚ್ ಜೂಜಾಡಿದ, ಅದೃಷ್ಟಕ್ಕೆ ಗೆದ್ದ. ‘ದ ಬ್ರೈಟನ್ ಮಿರಾಕಲ್’ ಎಂಬ ಸಿನಿಮಾವೇ ಬಂದಿದೆ. ಸಿನಿಮಾದವರ ಮೇಲೆ ನನಗೆ ಜಗಳವಿಲ್ಲ. ಆದರೆ ಆ ನಿರ್ಧಾರ ಪವಾಡಕ್ಕೆ ಕಾದು ಕೂತವನದ್ದು ಎಂದರೆ ಒಪ್ಪಲಾರೆ.

ಲೀಚ್‌ಗೆ ಗೊತ್ತಿದ್ದದ್ದೇನು ನೋಡಿ. ಎದುರಾಳಿ ಹದಿನಾಲ್ಕೇ ಮಂದಿ, ಹೊರಗೆ ಕೂತವನು ಸ್ಕ್ರಮ್‌ನ ಮೂಲಸ್ತಂಭವಾದ ಪ್ರಾಪ್. ದಾಲ್ ಮಾಸೊ ಕಲಿಸಿದ ಸ್ಕ್ರಮ್ ಎಂಬತ್ತು ನಿಮಿಷವೂ ಅದೇ ದೈತ್ಯರೆದುರು ನಿಂತು ತೋರಿಸಿತ್ತು. ತನ್ನ ಹುಡುಗರ ಕಾಲಲ್ಲಿ ಇನ್ನೂ ಓಟವಿದೆ, ಎದುರಿಗಿದ್ದವರ ಕಾಲಲ್ಲಿ ಇಲ್ಲ. ಸ್ಕ್ರಮ್‌ಗೆ ಎರಡೂ ಕಡೆಯ ಸ್ಕ್ರಮ್ ತಳ್ಳುವವರೆಲ್ಲ ಒಂದೆಡೆ ಕಟ್ಟಿಹಾಕಿಕೊಳ್ಳುತ್ತಾರೆ, ಹಾಗಾಗಿ ಮೈದಾನದ ಉಳಿದ ಅಗಲವೆಲ್ಲ ಓಡುವವರಿಗೆ ತೆರೆದಿರುತ್ತದೆ. ಕೊನೆಗೆ ಟ್ರೈ ಬಂದದ್ದು ಆ ಅಗಲದಲ್ಲೇ, ಎಡಗಡೆಯ ಕಟ್ಟಕಡೆಯ ಮೂಲೆಯಲ್ಲೇ. ಇದು ಜೂಜಲ್ಲ, ಮೂರು ವರ್ಷದ ಬೆವರಿನ ಮೇಲೆ ಇಟ್ಟ ನಂಬಿಕೆ. ವಿಚಿತ್ರವೆಂದರೆ ಆ ನಂಬಿಕೆ ತುಂಬಿದ ಕೋಚ್‌ಗೇ ಆ ಗಳಿಗೆಯಲ್ಲಿ ಎದೆ ನಡುಗಿತು. ಅವರು ತಯಾರು ಮಾಡಿದ ನಾಯಕನಿಗೆ ನಡುಗಲಿಲ್ಲ. ಪಂದ್ಯ ಮುಗಿದ ಮೇಲೆ ಲೀಚ್‌ನ ಧೈರ್ಯವನ್ನು ಜೋನ್ಸ್ ಮನಸಾರೆ ಕೊಂಡಾಡಿದರು. ಗುರುವಿಗೆ ಇದಕ್ಕಿಂತ ದೊಡ್ಡ ದಕ್ಷಿಣೆ ಯಾವುದಿದೆ?

ಕಥೆ ಅಲ್ಲಿಗೆ ಸುಖಾಂತವಾಗಲಿಲ್ಲ ಎಂಬುದನ್ನೂ ಹೇಳಬೇಕು. ನಾಲ್ಕೇ ದಿನದಲ್ಲಿ ಗ್ಲಾಸ್ಟರ್‌ನಲ್ಲಿ ಸ್ಕಾಟ್‌ಲೆಂಡ್ ಎದುರು ಇಳಿಯಬೇಕಾಯಿತು. ದಣಿದ ದೇಹಗಳು 10-45ರಿಂದ ಸೋತವು. ಆಮೇಲೆ ಸಮೋವಾವನ್ನು 26-5ರಿಂದ, ಅಮೆರಿಕವನ್ನು 28-18ರಿಂದ ಸೋಲಿಸಿದರು. ಗುಂಪಿನಲ್ಲಿ ಮೂರು ಗೆಲುವು, ಆದರೂ ಬೋನಸ್ ಅಂಕ ಸಾಲದೆ ಕ್ವಾರ್ಟರ್ ಫೈನಲ್ ತಪ್ಪಿತು. ಮೂರು ಪಂದ್ಯ ಗೆದ್ದೂ ಗುಂಪಿನಲ್ಲೇ ಹೊರಬಿದ್ದ ತಂಡ ಅದಕ್ಕೆ ಮೊದಲು ಇರಲಿಲ್ಲ. ದಕ್ಷಿಣ ಆಫ್ರಿಕಾ ಸಾವರಿಸಿಕೊಂಡು ಸೆಮಿಫೈನಲ್ ತಲುಪಿ ಮೂರನೇ ಸ್ಥಾನ ಪಡೆಯಿತು.

ಆದರೆ ಜಪಾನಿನಲ್ಲಿ ಏನೋ ಬದಲಾಗಿತ್ತು. ಶಾಲೆಯ ಮಕ್ಕಳು ಬೀದಿಯಲ್ಲಿ ಕೈಬೆರಳು ಜೋಡಿಸಿ ಗೊರೊಮಾರುವಿನ ಹಾಗೆ ನಿಲ್ಲತೊಡಗಿದರು. 2019ರಲ್ಲಿ ವಿಶ್ವಕಪ್ ಜಪಾನಿಗೇ ಬಂತು. ಶಿಜುವೊಕಾದಲ್ಲಿ ಐರ್ಲೆಂಡ್ 19-12ರಿಂದ ಮಣ್ಣುಮುಕ್ಕಿತು. ಹಗಿಬಿಸ್ ಚಂಡಮಾರುತ ಅಪ್ಪಳಿಸಿದ ಮರುದಿನ ಯೋಕೊಹಾಮಾದಲ್ಲಿ ಸ್ಕಾಟ್‌ಲೆಂಡ್ 28-21ರಿಂದ ಸೋತಿತು. ಜಪಾನ್ ಮೊದಲ ಸಲ ಕ್ವಾರ್ಟರ್ ಫೈನಲ್‌ಗೆ! ಅಲ್ಲಿ ಎದುರಾದದ್ದು ಅದೇ ದಕ್ಷಿಣ ಆಫ್ರಿಕಾ. ಈ ಸಲ ಅವರು ಯಾವ ಬಾಗಿಲನ್ನೂ ತೆರೆದಿಡಲಿಲ್ಲ, 26-3ರಿಂದ ಗೆದ್ದು ಮುಂದೆ ಹೋಗಿ ಕಪ್ಪನ್ನೇ ಎತ್ತಿದರು. ಕಪ್ ಎತ್ತಿದ ನಾಯಕ ಸಿಯಾ ಕೊಲಿಸಿ, ಫೈನಲ್‌ನಲ್ಲಿ 22 ಅಂಕ ಒದ್ದ ಪೊಲಾರ್ಡ್, ಇಬ್ಬರೂ ಬ್ರೈಟನ್ನಿನಲ್ಲಿ ಬದಲಿಗರಾಗಿ ಇಳಿದು ಆ ಸೋಲನ್ನು ಮೈಮೇಲೆ ಹೊತ್ತವರು. ಫೈನಲ್‌ನಲ್ಲಿ ಅವರು ಸೋಲಿಸಿದ ಇಂಗ್ಲೆಂಡಿನ ಕೋಚ್ ಎಡ್ಡಿ ಜೋನ್ಸ್. ಒಂದು ಸಂಜೆ ಎರಡು ದೇಶಗಳ ರಗ್ಬಿಯನ್ನು ಹೀಗೆ ಕಡೆದು ಹಾಕಿತು.

ನಾನು ಆ ಪಂದ್ಯವನ್ನು ಇವತ್ತಿಗೂ ಹಾಕಿಕೊಂಡು ನೋಡುತ್ತೇನೆ. ಫಲಿತಾಂಶ ಗೊತ್ತಿದ್ದೂ ಸ್ಕ್ರಮ್ ಬಾಗುವಾಗ ಅಂಗೈ ಬೆವರುತ್ತದೆ. ಪ್ರತಿ ಸಲವೂ ಒಂದೇ ಪ್ರಶ್ನೆ ಎದುರಾಗುತ್ತದೆ: ಹೆಸ್ಕೆತ್‌ನ ಕೈಯಿಂದ ಚೆಂಡು ಜಾರಿದ್ದರೆ? ಆಗಲೂ ಲೀಚ್ ಮಾಡಿದ್ದೇ ಸರಿ ಎಂದು ವಾದಿಸುತ್ತಿದ್ದೆ. ಆಗ ಅಂಕಪಟ್ಟಿಯಲ್ಲಿ 29-32ರ ಇನ್ನೊಂದು ಸೋಲು ಸೇರುತ್ತಿತ್ತು, ನಿಜ. ಆದರೆ ಅದು ಸಾಕು ಎಂದು ಕೈಕಟ್ಟಿ ಕೂತವರ ಸೋಲಾಗುತ್ತಿರಲಿಲ್ಲ. ತಮ್ಮ ಶಕ್ತಿ ಎಷ್ಟೆಂದು ಬೆವರು ಸುರಿಸಿ ತಿಳಿದುಕೊಂಡವರಿಗೆ ಅದಕ್ಕಿಂತ ಕಡಿಮೆಗೆ ಒಪ್ಪಿಕೊಳ್ಳುವ ಹಕ್ಕಿಲ್ಲ. ನಮ್ಮ ಯಾವ ತಂಡವಾದರೂ ದೊಡ್ಡವರೆದುರು ಸಮ ಮಾಡಿಕೊಂಡು ಹಿಗ್ಗುವುದನ್ನು ಕಂಡಾಗ ನಾನು ಕೇಳುವುದು ಇಷ್ಟೇ: ಅಭ್ಯಾಸ ಮಾಡಿದ್ದೀರಾ? ಮಾಡಿದ್ದರೆ, ಸ್ಕ್ರಮ್ ಕೇಳಿ!